ಮಿದುಳೊಳಗೆ ಮೇಣ ಹೊಯ್ದ ಲಿಯೊನಾರ್ಡೊ: ಮೂರು ಕೋಣೆಗಳ ಕಥೆ ನಿಜವೇ?

ವಾಟ್ಸಾಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್‌ಗಳಿದ್ದವು. ಮಿದುಳಿನಲ್ಲಿ ಸಾಲಾಗಿ ಮೂರು ಕೋಣೆಗಳಿವೆ, ಮುಂದಿನದರಲ್ಲಿ ಇಂದ್ರಿಯಗಳ ಅನುಭವ, ನಡುವಿನದರಲ್ಲಿ ವಿಚಾರ, ಹಿಂದಿನದರಲ್ಲಿ ನೆನಪು ಇರುತ್ತದೆ ಎಂಬ ಮಾತು ಯುರೋಪಿನಲ್ಲಿ ಸಾವಿರ ವರ್ಷ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು. ಆ ಕೋಣೆಗಳ ಆಕಾರವನ್ನು ಕೈಯಾರೆ ಪರೀಕ್ಷಿಸಿದವನು ಮೋನಾಲಿಸಾ ಚಿತ್ರ ಬರೆದ ಲಿಯೊನಾರ್ಡೊ ಡಾ ವಿಂಚಿ.

ಯಾರು ಈತ?

ಹುಟ್ಟಿದ್ದು 1452ರಲ್ಲಿ, ಇಟಲಿಯ ವಿಂಚಿ ಊರಿನ ಬಳಿ. ತಂದೆ-ತಾಯಿಗೆ ಮದುವೆಯಾಗಿರಲಿಲ್ಲ. ದೊಡ್ಡ ಓದು ಸಿಗಲಿಲ್ಲ. ಫ್ಲಾರೆನ್ಸ್‌ನಲ್ಲಿ ವೆರೊಕಿಯೊ ಎಂಬ ಕಲಾವಿದನ ಬಳಿ ಕೆಲಸ ಕಲಿತ. ಸುಮಾರು 1490ರಲ್ಲಿ ಮಿದುಳಿನ ಚಿತ್ರ ಬರೆದಾಗ ಆತನೂ ಪುಸ್ತಕದ ಮಾತನ್ನೇ ನಂಬಿ, ಮೂರು ಉಂಡೆಗಳನ್ನು ಸಾಲಾಗಿ ಬಿಡಿಸಿದ್ದ.

ಮುಂದೆ ಶವಗಳನ್ನು ಕೊಯ್ದು ನೋಡತೊಡಗಿದ. ಸುಮಾರು 1508ರ ಹೊತ್ತಿಗೆ ಎರಕದ ಕೆಲಸದ ಉಪಾಯವನ್ನೇ ಇಲ್ಲಿಗೂ ತಂದ. ಎತ್ತಿನ ಮಿದುಳಿಗೆ ಗಾಳಿ ಹೊರಹೋಗಲು ಕೊಳವೆಗಳನ್ನಿಟ್ಟು, ಪಿಚಕಾರಿಯಿಂದ ಕರಗಿದ ಮೇಣ ತುಂಬಿದ. ಮೇಣ ಗಟ್ಟಿಯಾದ ಮೇಲೆ ಸುತ್ತಲಿನ ಮಿದುಳನ್ನು ತೆಗೆದುಹಾಕಿದ. ಉಳಿದದ್ದು ಉಂಡೆಗಳಲ್ಲ; ಕೊಂಬಿನಂತೆ ಬಾಗಿದ, ಒಂದಕ್ಕೊಂದು ಕೂಡಿಕೊಂಡ ಪೊಳ್ಳುಗಳ ಅಚ್ಚು.

ಆಕಾರ ಸರಿಹೋಯಿತು, ಹಳೆಯ ನಂಬಿಕೆ ಪೂರ್ತಿ ಹೋಗಲಿಲ್ಲ. ಹೊಸ ಚಿತ್ರದ ಮೇಲೂ ಆತ ನೆನಪು ಮುಂತಾದ ಹಳೆಯ ಹೆಸರುಗಳನ್ನೇ ಬರೆದ. 1519ರಲ್ಲಿ ಫ್ರಾನ್ಸ್‌ನಲ್ಲಿ ತೀರಿಕೊಂಡಾಗ ಅವು ಅಚ್ಚಾಗಿರಲಿಲ್ಲ. ಆತನ ಅಂಗರಚನಾ ಚಿತ್ರಗಳಲ್ಲಿ ಬಹುಪಾಲು ಪ್ರಕಟವಾಗಲು 19ನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ, 1543ರಲ್ಲೇ, ವೆಸೇಲಿಯಸ್ ತನ್ನ ಗ್ರಂಥದಲ್ಲಿ ಕೋಣೆಗಳಲ್ಲಿ ಬುದ್ಧಿ ಇರುತ್ತದೆಂಬ ಮಾತನ್ನು ಪ್ರಶ್ನಿಸಿದ್ದ.

ಹಾಗಾದರೆ ನಿಜವೇನು?

ಈ ಪೊಳ್ಳುಗಳಿಗೆ ಕುಹರಗಳೆಂದು ಹೆಸರು. ಅವು ಮೂರಲ್ಲ, ನಾಲ್ಕು: ಎಡ-ಬಲಕ್ಕೆ ಎರಡು ದೊಡ್ಡವು, ನಡುವೆ ಮೂರನೆಯದು, ಹಿಂಬದಿ ಕೆಳಗೆ ನಾಲ್ಕನೆಯದು. ಒಳಗಿರುವುದು ನೆನಪಲ್ಲ, ತಿಳಿ ದ್ರವ. ತಲೆಗೆ ಹೊಯ್ದ ಸ್ನಾನದ ನೀರು ಇಳಿದು ಸೇರಿದ್ದೂ ಅಲ್ಲ. ಕುಹರಗಳಲ್ಲಿರುವ ಅಂಗಾಂಶವೇ ರಕ್ತದಿಂದ ಅದನ್ನು ತಯಾರಿಸುತ್ತದೆ. ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿ ಹುಟ್ಟುತ್ತದೆ. ಒಂದು ಹೊತ್ತಿಗೆ ಮಿದುಳು, ಬೆನ್ನುಹುರಿ ಸೇರಿ ಇರುವುದು ಸುಮಾರು 150 ಮಿಲಿ. ಉಳಿದದ್ದು ರಕ್ತಕ್ಕೆ ಮರಳುತ್ತದೆ.

ನಮಗೇಕೆ ಇದು ಬೇಕು?

ಈ ದ್ರವದ ದಾರಿ ಕಟ್ಟಿಕೊಂಡರೆ ಕುಹರಗಳು ಉಬ್ಬುತ್ತವೆ. ಇದೇ ಹೈಡ್ರೊಸೆಫಾಲಸ್. ಕೂಸಿನ ತಲೆ ಬೇಗಬೇಗ ದೊಡ್ಡದಾಗುವುದು, ನೆತ್ತಿ ಉಬ್ಬುವುದು, ಮತ್ತೆ ಮತ್ತೆ ವಾಂತಿ, ಕಣ್ಣು ಕೆಳಕ್ಕೆ ವಾಲುವುದು ಇದರ ಲಕ್ಷಣಗಳು. ದೊಡ್ಡ ತಲೆ ಬುದ್ಧಿವಂತಿಕೆಯ ಗುರುತು ಎಂದು ಸುಮ್ಮನಿರಬೇಡಿ, ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಿ ಕಾಯಲೂ ಬೇಡಿ. ತಡವಾದಷ್ಟೂ ಮಿದುಳಿಗೆ ಹಾನಿ. ದ್ರವವನ್ನು ಹೊಟ್ಟೆಯ ಭಾಗಕ್ಕೆ ಹರಿಸುವ ಕೊಳವೆ, ಅಂದರೆ ಶಂಟ್, ಹಾಕುವ ಶಸ್ತ್ರಚಿಕಿತ್ಸೆ ಇದೆ. ಹೊಸದುರ್ಗದ ಕಡೆಯ ಮಾಡದಕೆರೆಯಂಥ ಊರಿನಲ್ಲಿದ್ದರೂ ಮೊದಲು ಮಾಡಬೇಕಾದದ್ದು ಒಂದೇ: ಹತ್ತಿರದ ಆಸ್ಪತ್ರೆಯಲ್ಲಿ ಟೇಪು ಹಿಡಿಸಿ ಕೂಸಿನ ತಲೆಯ ಸುತ್ತಳತೆ ನೋಡಿಸುವುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ನಿಜವಾದ ಮಿದುಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಲಿಯೊನಾರ್ಡೊ ಕೂಡ ಕಣ್ಣಾರೆ ನೋಡಿದ ಮೇಲೆಯೇ ತನ್ನ ಹಳೆಯ ಚಿತ್ರವನ್ನು ಬದಲಿಸಿದ್ದು. ನಾವೂ ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಪರೀಕ್ಷಿಸೋಣ.