ಪದಗಳ ಬೆನ್ನು ಹತ್ತಿದ ಕಿಟ್ಟೆಲ್ಲರು



ಪುಣೆಯಲ್ಲಿದ್ದು ಕನ್ನಡ ಕಲಿಯುವವರಿಗೆ ಒಂದು ತೊಡಕುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಮಾತಿನ ನಡುವೆ ಕನ್ನಡ ಶಬ್ದವೊಂದು ನೆನಪಿಗೆ ಬಾರದಿದ್ದರೆ ಮರಾಠಿಯ ಶಬ್ದವು ತಾನಾಗಿ ಬಂದು ಅದರ ಸ್ಥಾನದಲ್ಲಿ ಕುಳಿತುಕೊಳ್ಳುವುದು. ಕಿಟಕಿಯು ಖಿಡಕಿಯಾಗುವುದು. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ನಮಗೂ ಇದು ತಪ್ಪಿದ್ದಲ್ಲ. ಒಮ್ಮೆ ಎರಡನೆಯ ಇಯತ್ತೆಯ ಬಾಲಕಿಯೊಬ್ಬಳು ಕೂರಿಗೆ ಎಂದರೇನೆಂದು ಕೇಳಿದಳು. ನಾವು ಅವಸರದಲ್ಲಿ ಮರಾಠಿಯಲ್ಲಿ ಅರ್ಥ ಹೇಳಿ ಮುಂದುವರಿದೆವು. ಅವಳಿಗೆ ಅದೂ ತಿಳಿಯಲಿಲ್ಲ. ಬಿತ್ತನೆಯನ್ನೇ ಕಾಣದ ಮಗುವಿಗೆ ಶಬ್ದಕ್ಕೆ ಶಬ್ದವನ್ನು ಕೊಟ್ಟು ಫಲವೇನು? ಅಂದು ಮನಸ್ಸು ಬಹಳ ನೊಂದಿತು. ಆಗ ನಮಗೆ ನೆನಪಾದವರು ಫರ್ಡಿನೆಂಡ್ ಕಿಟ್ಟೆಲ್ಲರು.

ಕಿಟ್ಟೆಲ್ಲರು ಕನ್ನಡವನ್ನು ತಾಯಿಯ ಮಡಿಲಲ್ಲಿ ಕಲಿತವರಲ್ಲ. ಅವರು 1832ನೆಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆಯವರು ಪಾದ್ರಿಗಳು. ಅದೇ 1832ರಲ್ಲಿ ರೀವ್ ಎಂಬವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಅದಕ್ಕಿಂತ ಹಿರಿದಾದುದನ್ನು ರಚಿಸುವ ಕೂಸು ಸಾವಿರಾರು ಮೈಲು ದೂರದಲ್ಲಿ ಕಣ್ದೆರೆದಿತ್ತು!

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಅವರು ಕ್ರೈಸ್ತಮತ ಪ್ರಚಾರಕ್ಕಾಗಿ ಕನ್ನಡ ನಾಡಿಗೆ ಬಂದರು. ಧಾರವಾಡ, ಹುಬ್ಬಳ್ಳಿಗಳ ಸೀಮೆಯು ಆಗ ನಮ್ಮ ಪುಣೆಯಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಹಳ್ಳಿಗಳನ್ನು ಅವರು ಕಾಲ್ನಡಿಗೆಯಿಂದ ಸುತ್ತಿದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿಯೂ ನೆಲೆಸಿದರು. ಕಲಿಸಲು ಬಂದವರು ಕಲಿಯುವವರಾದರು. 1862ರಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ರಚಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು.

ಇವೆಲ್ಲಕ್ಕೂ ಮಿಗಿಲಾದುದು ಅವರ ನಿಘಂಟು. ಓಲೆಗರಿಯ ಹಳೆಯ ಕಾವ್ಯಗಳನ್ನು ಪಂಡಿತರ ನೆರವಿನಿಂದ ಓದಿ ಶಬ್ದಗಳನ್ನು ಆರಿಸಿದರು. ಕಾವ್ಯದ ಮಾತು ಮಾತ್ರವೇ ಕನ್ನಡವೆಂದು ಅವರು ಎಣಿಸಲಿಲ್ಲ. ಜನರ ಆಡುಮಾತನ್ನೂ ಗಾದೆಗಳನ್ನೂ ಸೇರಿಸಿದರು. ಶಬ್ದವೊಂದನ್ನು ಕವಿ ಹೇಗೆ ಬಳಸಿದನು, ಜನರು ಹೇಗೆ ಬಳಸುವರು, ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಅದರ ನಂಟರು ಯಾರು ಎಂಬುದನ್ನೆಲ್ಲ ತೋರಿಸಿದರು. ಮರಾಠಿ, ಹಿಂದುಸ್ತಾನಿಗಳಿಂದ ಬಂದ ಶಬ್ದಗಳನ್ನು ಹೊರಗೆ ನೂಕಲಿಲ್ಲ. ಅವುಗಳ ತವರನ್ನು ಗುರುತಿಸಿ ಒಳಗೆ ಕೂಡಿಸಿದರು. ಕೊಡುವುದೂ ಕೊಳ್ಳುವುದೂ ಭಾಷೆಗಳ ಸ್ವಭಾವ. ನಮ್ಮ ಅಡಕೊತ್ತು ಮರಾಠಿಯಲ್ಲಿ ಅಡಕಿತ್ತಾ ಆಗಿರುವುದನ್ನು ನೀವು ಇಲ್ಲಿಯೇ ಕೇಳಿರುವಿರಿ.

ಹೀಗೆ ವರ್ಷಗಟ್ಟಲೆ ದುಡಿದ ಮೇಲೆ, ಸುಮಾರು 70,000 ಶಬ್ದಗಳ ಆ ಗ್ರಂಥವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಿದ್ದಿತು. ಪುಟಗಳು 1,700ಕ್ಕೂ ಹೆಚ್ಚು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರು ಬರೆದ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿಯೇ ಅವರು ಕಾಲವಾದರು. ಅವರ ನಿಘಂಟನ್ನು ಪಂಡಿತರು ಇಂದಿಗೂ ತೆರೆಯುತ್ತಿರುವರು.

ಮಕ್ಕಳೇ, ಕಿಟ್ಟೆಲ್ಲರಿಂದ ನಾವು ಕಲಿತ ಪಾಠವು ಸಣ್ಣದು: ತಿಳಿಯದ ಶಬ್ದವನ್ನು ಅದನ್ನು ಬಳಸಿದವರ ಬಳಿಗೆ ಹೋಗಿ ಕೇಳಬೇಕು. ಆ ಬಾಲಕಿಗೆ ಮರುದಿನ ಹಾಗೆಯೇ ಹೇಳಿದೆವು. ಅವಳು ಮನೆಯಲ್ಲಿ ಅಜ್ಜಿಯನ್ನು ಕೇಳಿದಳು. ಅಜ್ಜಿಯು ನೆಲದ ಮೇಲೆ ಸೀಮೆಸುಣ್ಣದಿಂದ ಕೂರಿಗೆಯ ಚಿತ್ರವನ್ನೇ ಬರೆದು, ಬೀಜವು ಬಟ್ಟಲಿನಿಂದ ಕೊಳವೆಗಳಲ್ಲಿಳಿದು ಸಾಲಿಗೆ ಬೀಳುವ ಬಗೆಯನ್ನು ತೋರಿಸಿದಳಂತೆ. ಬಾಲಕಿಯು ಬಂದು ತರಗತಿಗೆಲ್ಲ ವಿವರಿಸಿದಳು. ನಾವೂ ಕುಳಿತು ಕೇಳಿದೆವು. ನಿಮ್ಮ ಮನೆಯ ಹಿರಿಯರಲ್ಲಿಯೂ ಇಂಥ ಶಬ್ದಗಳು ಎಷ್ಟೋ ಇರುವುವು. ಅವರಿರುವಾಗಲೇ ಕೇಳಿ ಬರೆದಿಡಿರಿ. ದಿನಕ್ಕೊಂದಾದರೂ ವರ್ಷಕ್ಕೆ 365 ಆದುವು!