ಶಾಸ್ತ್ರಿಗಳ ಸೋಮವಾರ

ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲವರೆಗೆ ಬಂದವರಲ್ಲಿ ನಾನೇ ಮೊದಲಿಗ. ಅದಕ್ಕೇ ಏನೋ, ಪದವಿಯೊಂದನ್ನೇ ಹೆಸರಾಗಿ ಹೊತ್ತು ಬಾಳಿದ ಲಾಲ್ ಬಹಾದೂರ ಶಾಸ್ತ್ರಿಗಳೆಂದರೆ ನನಗೆ ವಿಶೇಷ ಗೌರವ. 1904ರ ಅಕ್ಟೋಬರ 2ರಂದು ಮೊಗಲಸರಾಯಿಯಲ್ಲಿ ಹುಟ್ಟಿದ ಅವರು, ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡು ತಾಯಿಯ ತವರಿನಲ್ಲಿ ಬೆಳೆದರು. ಜಾತಿ ತೋರಿಸುವ ಅಡ್ಡಹೆಸರನ್ನು ಬಿಟ್ಟರು. ಕಾಶಿ ವಿದ್ಯಾಪೀಠದ ಶಾಸ್ತ್ರಿ ಪದವಿ ಮಾತ್ರ ಕೊನೆತನಕ ಉಳಿಯಿತು. ಅವರ ಸೆರೆಮನೆವಾಸದ ಕಥೆ ಎಲ್ಲರೂ ಬಲ್ಲದ್ದು. 1956ರಲ್ಲಿ ಅರಿಯಲೂರಿನ ರೈಲು ದುರಂತಕ್ಕೆ ತಾವೇ ಹೊಣೆಯೆಂದು ರೈಲ್ವೆ ಮಂತ್ರಿಗಿರಿಯನ್ನು ಬಿಟ್ಟುಕೊಟ್ಟರು.

1964ರ ಮೇ 22ರಂದು ಅವರು ಆಲಮಟ್ಟಿಗೆ ಬಂದು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಐದೇ ದಿನಗಳಲ್ಲಿ ನೆಹರೂ ತೀರಿಕೊಂಡರು. ಜೂನ್ 9ರಂದು ಶಾಸ್ತ್ರಿಗಳು ಪ್ರಧಾನಿಯಾದರು. ನನ್ನ ತಾಯಿಯ ತವರು ಆ ಹೊಳೆಯ ದಂಡೆಯ ಊರು. ಆಯಿಯ ಮಾವ ಚಕ್ಕಡಿ ಹೂಡಿಕೊಂಡು ಆ ಸಮಾರಂಭ ನೋಡಲು ಹೋಗಿದ್ದನಂತೆ. ಇಷ್ಟು ಸಣ್ಣ ಮನುಷ್ಯ ಅಷ್ಟು ದೊಡ್ಡ ಹೊಳೆಯನ್ನು ಹೇಗೆ ತಡೆದಾನೆಂದು ಮನೆಗೆ ಬಂದು ನಕ್ಕಿದ್ದನಂತೆ.

1965ರಲ್ಲಿ ಒಂದು ಕಡೆ ಯುದ್ಧ, ಇನ್ನೊಂದು ಕಡೆ ಕಾಳಿನ ಅಭಾವ. ಪರದೇಶದ ಗೋಧಿಗೆ ಕೈಯೊಡ್ಡುವುದಕ್ಕಿಂತ ವಾರಕ್ಕೊಂದು ಹೊತ್ತು ಊಟ ಬಿಡುವುದು ಲೇಸೆಂದು ಶಾಸ್ತ್ರಿಗಳು ಬಗೆದರು. ಮೊದಲು ತಮ್ಮ ಮನೆಯಲ್ಲಿ ನಡೆಸಿ ನೋಡಿ, ಆಮೇಲೆ ಸೋಮವಾರ ರಾತ್ರಿಯ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ನಮ್ಮ ಕಡೆ ಸೋಮವಾರ ಮೊದಲೇ ಶಿವನ ವಾರ; ಒಪ್ಪತ್ತು ಮಾಡುವವರು ಮನೆಗೊಬ್ಬರಾದರೂ ಇದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಆಯಿ ಅಲ್ಲಿಂದ ಹಿಡಿದ ಒಪ್ಪತ್ತು ಇಂದಿಗೂ ಬಿಟ್ಟಿಲ್ಲ. ಅದು ಶಿವನದೋ ಶಾಸ್ತ್ರಿಗಳದೋ ಎಂದು ಕೇಳಿದರೆ ಇಬ್ಬರದೂ ಎನ್ನುತ್ತಾಳೆ.

1966ರ ಜನವರಿ 10, ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ದಿನ, ಸೋಮವಾರವೇ ಆಗಿತ್ತು. ಅದೇ ರಾತ್ರಿ, ಮಧ್ಯರಾತ್ರಿ ಕಳೆದ ಮೇಲೆ, ಶಾಸ್ತ್ರಿಗಳು ಅಲ್ಲಿಯೇ ಕಣ್ಣುಮುಚ್ಚಿದರು. ಹಸಿದು ಮಲಗಿದ್ದವರು ಎದ್ದು ಕೇಳಿದ್ದು ಆ ಸುದ್ದಿಯನ್ನು. ಆ ಮಂಗಳವಾರವೂ ತಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲವೆಂದು ಆಯಿ ನೆನೆಯುತ್ತಾಳೆ. ಕಾರಿಗಾಗಿ ಮಾಡಿದ 5,000 ರೂಪಾಯಿ ಸಾಲ ತೀರಿಸುವ ಮೊದಲೇ ಅವರು ಹೋದರು. ಅದನ್ನು ಪತ್ನಿ ಲಲಿತಾದೇವಿ ತಮ್ಮ ಪಿಂಚಣಿಯಲ್ಲಿ ತೀರಿಸಿದರು.

ಅಣೆಕಟ್ಟು ಏಳಲು ದಶಕಗಳೇ ಬೇಕಾದವು. ಆಲಮಟ್ಟಿಯ ಜಲಾಶಯಕ್ಕೆ ಲಾಲ್ ಬಹಾದೂರ ಶಾಸ್ತ್ರಿ ಸಾಗರವೆಂದು ಹೆಸರಿಟ್ಟು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಲೋಕಾರ್ಪಣೆ ಮಾಡಿದರು. ಅಷ್ಟರಲ್ಲಿ ಬಾಗಲಕೋಟೆಯ ಒಂದು ಭಾಗದೊಡನೆ ಆಯಿಯ ಮನೆ, ಎರೆಹೊಲ, ಮಾವನ ಗದ್ದುಗೆ ಎಲ್ಲವೂ ಹಿನ್ನೀರಿನಲ್ಲಿ ಮುಳುಗಿದ್ದವು. ಪುನರ್ವಸತಿ ಕೇಂದ್ರದಲ್ಲಿ ಕೆಲವು ವರ್ಷ ಕಳೆದು, ಅಜ್ಜ ಹೋದ ಮೇಲೆ ಅವಳು ನವಲಗುಂದ ತಾಲೂಕಿನ ನಮ್ಮ ಮನೆಗೆ ಬಂದಳು. ನಮ್ಮ ಹೊಲಕ್ಕೆ ಬರುವುದು ಮಲಪ್ರಭೆಯ ಕಾಲುವೆಯ ನೀರು. ಅದು ಬಂದಾಗ ಅವಳು ದಂಡೆಯ ಮೇಲೆ ಬಹಳ ಹೊತ್ತು ಕೂಡುತ್ತಾಳೆ. ಈ ನೀರಿಗೂ ಯಾರದೋ ಮನೆ ಹೋಗಿರಬೇಕು ಎಂಬುದು ಅವಳ ಲೆಕ್ಕ. ನಾನು ಅದನ್ನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಕಳೆದ ವರ್ಷ ಅವಳನ್ನು ಆಲಮಟ್ಟಿಗೆ ಕರೆದೊಯ್ದೆ. ಶಾಸ್ತ್ರಿಗಳ ಹೆಸರನ್ನು ಓದಿ ಹೇಳಿದಾಗ ಕೈಮುಗಿದಳು. ಆಮೇಲೆ, ಸತ್ತ ಮೇಲೂ ಕಾರಿನ ಸಾಲ ಉಳಿಸದ ಮನುಷ್ಯ ಬದುಕಿದ್ದರೆ ನಮ್ಮ ಹೊಲದ ಪರಿಹಾರಕ್ಕೆ ಇಷ್ಟು ವರ್ಷ ಅಲೆಯಬೇಕಿತ್ತೇ ಎಂದು ಕೇಳಿದಳು. ನಾನು ಇತಿಹಾಸದ ವಿದ್ಯಾರ್ಥಿ. ಆದರೂ ಉತ್ತರ ಹೊಳೆಯಲಿಲ್ಲ. ತನ್ನ ಊರು ಇದ್ದ ದಿಕ್ಕನ್ನು ನೀರಿನ ಮೇಲೆ ಬೆರಳಿಟ್ಟು ತೋರಿಸುತ್ತ ನಿಂತಳು. ಕೊನೆಯ ಬಸ್ಸಿಗೆ ಹೊತ್ತಾಗುವವರೆಗೆ ಅಲ್ಲಿಯೇ ಇದ್ದೆವು.