ವಿಜ್ಞಾನಿ ಕೂಲಂಬ್

ಮಾಘಮಾಸದ ಒಣಹವೆಯಲ್ಲಿ ತಲೆ ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವ ಆಟವನ್ನು ಯಳಂದೂರಿನ ಹುಡುಗರೆಲ್ಲ ಬಲ್ಲರು. ಮಳೆಗಾಲದಲ್ಲಿ ಅದೇ ಆಟ ಕೈಕೊಡುತ್ತದೆ. ಈ ವಿದ್ಯುದ್ಬಲವನ್ನು ಅಳೆದು ಲೆಕ್ಕಕ್ಕೆ ತಂದವನು ಫ್ರಾನ್ಸ್ ದೇಶದ ಚಾರ್ಲ್ಸ್ ಕೂಲಂಬ್. 1807ರಲ್ಲಿ ನಮ್ಮ ಯಳಂದೂರನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರ ಸಮಕಾಲೀನನೀತ.

ಕೂಲಂಬನು 1736ರಲ್ಲಿ ಅಂಗೂಲೆಮ್ ಪಟ್ಟಣದಲ್ಲಿ ಜನಿಸಿದನು. ವೃತ್ತಿಯಿಂದ ಸೈನ್ಯದ ಇಂಜಿನಿಯರು. 1764ರಿಂದ ಎಂಟು ವರ್ಷ ಮಾರ್ಟಿನೀಕ್ ದ್ವೀಪದಲ್ಲಿದ್ದು ಕೋಟೆ ಕಟ್ಟಿಸಿದನು. ಅಲ್ಲಿ ಕೆಟ್ಟ ಆರೋಗ್ಯ ಮತ್ತೆ ಸರಿಹೋಗಲೇ ಇಲ್ಲ. 1783ರಲ್ಲಿ ಬ್ರಿಟನಿ ಪ್ರಾಂತದ ಕಾಲುವೆ ಯೋಜನೆಯನ್ನು ಪರಿಶೀಲಿಸಿ, ಅದನ್ನು ಒಪ್ಪದೆ, ಒಂದು ವಾರ ಸೆರೆಮನೆಯನ್ನೂ ಕಂಡನು.

ದಿಕ್ಸೂಚಿಯ ಮುಳ್ಳನ್ನು ಎಳೆಯಿಂದ ತೂಗುಬಿಡುವ ಉಪಾಯ ಹುಡುಕುತ್ತಿದ್ದಾಗ ಎಳೆಯ ತಿರುಚೇ ಅವನ ಮನಸ್ಸನ್ನು ಹಿಡಿಯಿತು. ಎಳೆಯನ್ನು ಎಷ್ಟು ತಿರುಚುತ್ತೇವೋ ಅದು ಅಷ್ಟೇ ಬಲದಿಂದ ಎದುರಾಡುತ್ತದೆ. ಹಾಗಾದರೆ ಅದೇ ಒಂದು ತ್ರಾಸಲ್ಲವೆ?

1785ರಲ್ಲಿ ಗಾಜಿನ ಪಾತ್ರೆಯೊಳಗೆ ಬೆಳ್ಳಿಯ ಸಣ್ಣ ತಂತಿಯನ್ನು ಇಳಿಬಿಟ್ಟು, ಅದಕ್ಕೆ ಅಡ್ಡಕಡ್ಡಿ ಕಟ್ಟಿ, ಕಡ್ಡಿಯ ತುದಿಗೆ ಬೆಂಡಿನ ಗುಂಡೊಂದನ್ನು ಸಿಕ್ಕಿಸಿದನು. ಪಕ್ಕದಲ್ಲಿ ಕದಲದಂತೆ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಜಾತಿಯ ವಿದ್ಯುತ್ತನ್ನು ಕೊಟ್ಟೊಡನೆ ಅವು 36 ಡಿಗ್ರಿ ದೂರ ಸರಿದವು. ತಂತಿಯ ತಿರುಚೂ 36. ಮೇಲಿನ ಗುಬಟನ್ನು ತಿರುಗಿಸಿ ಆ ದೂರವನ್ನು 18ಕ್ಕೆ ಇಳಿಸಿದಾಗ ತಿರುಚು 144 ಆಯಿತು. ಮತ್ತೂ ತಿರುಗಿಸಿ ಎಂಟೂವರೆಗೆ ತಂದಾಗ 575½. ಅಂತರ ಅರ್ಧವಾದರೆ ಬಲ ನಾಲ್ಕು ಪಟ್ಟು!

ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವ ವಿಲೋಮ ವರ್ಗದ ಸೂತ್ರದ ಬೆನ್ನಿಗಿರುವುದು ಇಂಥ ಅಂಕಿಗಳು. ಹೈಸ್ಕೂಲು ಮಕ್ಕಳಿಗೆ ಸೂತ್ರಕ್ಕಿಂತ ಮೊದಲು ಇವನ್ನೇ ಕರಿಹಲಗೆಯ ಮೇಲೆ ಬರೆದು, ನಿಯಮವನ್ನು ಅವರೇ ಹುಡುಕಲೆಂದು ಬಿಡಬಾರದೇಕೆ?

ಆಕರ್ಷಣೆಯನ್ನು ಅಳೆಯುವುದು ಇನ್ನೂ ತೊಡಕಾಯಿತು. ಗುಂಡುಗಳು ಓಡಿಬಂದು ಅಂಟಿಕೊಂಡುಬಿಡುತ್ತಿದ್ದವು. ಆಗ ವಿದ್ಯುತ್ತೇರಿದ ದೊಡ್ಡ ಗೋಳದ ಮುಂದೆ ಕಡ್ಡಿಯನ್ನು ತೂಗಾಡಲು ಬಿಟ್ಟು, ಆ ತೂಗಾಟಗಳ ಕಾಲವನ್ನು ಎಣಿಸಿದನು. ತೇವದ ಗಾಳಿಯಲ್ಲಿ ವಿದ್ಯುತ್ತು ಸೋರಿಹೋಗುವುದನ್ನೂ ಮುಚ್ಚಿಡದೆ ಅಳೆದಿಟ್ಟನು. ನಮ್ಮ ಬಾಚಣಿಗೆಯ ಮಳೆಗಾಲದ ಸೋಲಿಗೂ ಕಾರಣ ಅದೇ. ಇಂಗ್ಲೆಂಡಿನ ಕ್ಯಾವೆಂಡಿಷ್ ಇದೇ ನಿಯಮವನ್ನು ಮೊದಲೇ ಕಂಡಿದ್ದನು, ಆದರೆ ಪ್ರಕಟಿಸಲಿಲ್ಲ. ಅವನ ಬರಹ ಬೆಳಕಿಗೆ ಬಂದದ್ದು 1879ರಲ್ಲಿ.

ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ವಿಜ್ಞಾನ ಅಕಾಡೆಮಿಯೇ ಮುಚ್ಚಿಹೋಯಿತು. ಕೂಲಂಬನು ಬ್ಲ್ವಾ ಪಟ್ಟಣದ ಬಳಿ ತನ್ನ ಜಮೀನಿನಲ್ಲಿ ತಲೆಮರೆಸಿಕೊಂಡನು. ಬಿರುಗಾಳಿ ತಣ್ಣಗಾದ ಮೇಲೆ ಪ್ಯಾರಿಸಿಗೆ ಮರಳಿದನು. 1802ರಲ್ಲಿ ಅವನನ್ನು ಸಾರ್ವಜನಿಕ ವಿದ್ಯಾಭ್ಯಾಸದ ಇನ್‌ಸ್ಪೆಕ್ಟರನಾಗಿ ನೇಮಿಸಿದರು. ದೇಹ ಸೊರಗಿದ್ದರೂ ಹೊಸ ಶಾಲೆಗಳ ಏರ್ಪಾಡಿನ ಆ ಕೆಲಸದಲ್ಲಿದ್ದಾಗಲೇ 1806ರ ಆಗಸ್ಟ್ 23ರಂದು ತೀರಿಕೊಂಡನು.